ಸೊಂಟದ ಹಗ್ಗ

ಹಿಮಸಾರಂಗಗಳ ಹಿಂಡನ್ನು ತಿರುಗಿಸುವಾಗ ನನ್ನ ಹೆಂಡತಿಯ ತಮ್ಮ ಇಸ್ಸಾತ್ ಬಿದ್ದು ತೊಡೆ ಮುರಿದುಕೊಂಡ. ಅವನನ್ನು ಸರೋವರದಾಚೆಯ ಆಸ್ಪತ್ರೆಗೆ ಒಯ್ಯಲು ಜಾರುಗಾಡಿಯಲ್ಲಿ ಮಲಗಿಸಿ ನನ್ನ ಸ್ನೋಮೊಬೈಲಿನ ಹಿಂದೆ ಕಟ್ಟಿದೆ. ನಮ್ಮಲ್ಲಿ ಮಲಗಿದವನ ಕೈಗೂ ಓಡಿಸುವವನ ಸೊಂಟಕ್ಕೂ ನಡುವೆ ಒಂದು ಹಗ್ಗ ಇರುತ್ತದೆ. ಆಗಾಗ ಎಳೆದರೆ ‘ಜೀವಂತ ಇದ್ದೇನೆ’ ಎಂದರ್ಥ.

“ಭಾವ, ದಾರೀಲಿ ಬೀಳಿಸಿದ್ರೆ ಅಕ್ಕನಿಗೆ ಹೇಳ್ಕೊಡ್ತೀನಿ ನೋಡು,” ಎಂದ. ಅವನ ತುಟಿ ನೀಲಿಗಟ್ಟಿತ್ತು.

ಹೆಪ್ಪುಗಟ್ಟಿದ ಸರೋವರದ ನಡುವೆ, ಹಿಮದಡಿಯಲ್ಲಿ, ಮಂಜುಗಡ್ಡೆಯ ಮೇಲೆ ನೀರು ಏರಿತ್ತು. ಅಂಥಲ್ಲಿ ನಿಲ್ಲಿಸಿದರೆ ಗಾಡಿ ಹೂತು ಅಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೇ ತಿರುಗಿಯೂ ನೋಡದೆ ಓಡಿಸಿದೆ. ಮಧ್ಯಾಹ್ನವೇ ಗಾಳಿ ಎದ್ದು ಸುತ್ತಲೂ ಬಿಳಿ ಬಿಟ್ಟು ಬೇರೇನೂ ಕಾಣದಾಯಿತು. ಹಗ್ಗ ಮಾತ್ರ ಸೊಂಟವನ್ನು ಮೆತ್ತಗೆ ಎಳೆಯುತ್ತಿತ್ತು.

“ಸಾಯ್ಬೇಡ ಕಣೋ, ಇನ್ನೇನು ಬಂತು!” ಎಂದು ಪ್ರತಿ ಸಲವೂ ಕೂಗಿದೆ.

ದಡದಲ್ಲಿ ತಿರುಗಿ ನೋಡಿದರೆ ಜಾರುಗಾಡಿಯೇ ಇರಲಿಲ್ಲ. ಕೊಂಡಿ ಮುರಿದಿತ್ತು. ಅಷ್ಟು ದೂರ ನೀರಿನಲ್ಲಿ ಎಳೆದುಕೊಂಡು ಬಂದಿದ್ದರೂ ಹಗ್ಗ ಒಣಗಿಯೇ ಇತ್ತು, ಬೆಚ್ಚಗೂ ಇತ್ತು. ಅದನ್ನು ಬಿಚ್ಚಿ ಎಸೆದು, ಬಂದ ಜಾಡು ಹಿಡಿದು ಹಿಂದಕ್ಕೆ ಧಾವಿಸಿದೆ.

ನಾವು ಹೊರಟ ದಡದ ಹತ್ತಿರವೇ, ಗಟ್ಟಿ ಮಂಜುಗಡ್ಡೆಯ ಮೇಲೆ ನಿಂತಿದ್ದ ಜಾರುಗಾಡಿಯಲ್ಲಿ ಇಸ್ಸಾತ್ ಮಗುವಿನಂತೆ ಅಳುತ್ತಿದ್ದ. “ಕೊಂಡಿ ಮುರಿದಾಗ್ಲೇ ಹಗ್ಗ ಕೈಯಿಂದ ಜಾರಿ ಹೋಯ್ತು ಭಾವ. ಎಷ್ಟು ಕೂಗಿದೆ, ನೀನು ನಿಲ್ಲಿಸ್ಲೇ ಇಲ್ಲ.”

ಅವನನ್ನು ನನ್ನ ತೋಳುಗಳ ನಡುವೆ ಕೂರಿಸಿಕೊಂಡು ಮತ್ತೆ ಹೊರಟೆ. ಅವನು ಬದುಕಿದ. ಆದರೆ ಆ ನೀರಿನ ಮೇಲೆ ಸಾಗುವಾಗ, ಹಗ್ಗವೇ ಇಲ್ಲದ ನನ್ನ ಸೊಂಟವನ್ನು ಹಿಂದಿನಿಂದ ಯಾರೋ ಎಳೆಯುತ್ತಲೇ ಇದ್ದರು. ನಾನು ಗಾಡಿ ನಿಲ್ಲಿಸಲಿಲ್ಲ.