ಅಟ್ಟ ಗುಡಿಸದ ರಂಗರಾಜು

ನನ್ನ ಕುತ್ತಿಗೆಯ ಮೇಲೆ ಮಚ್ಚು. ಎದುರಿಗೆ ಅರಚುವ ಕಂಪ್ಯೂಟರ್!

ಎಂಥಾ ಮಚ್ಚು ಗೊತ್ತಾ ಸ್ವಾಮಿ? ಅದರ ನೆರಳು ಬಿದ್ದರೂ ಎಳನೀರು ಎರಡು ಹೋಳು!

ಹಿಡಿದವನು ರಂಗರಾಜು. ಕೆಂಚಕ್ಕನ ಮೂರು ಕೊಬ್ಬರಿ ಗೋಡೌನಿಗೆ ಬೆಂಕಿ ಅಲಾರಂ ಹಾಕಿದ ಮಹಾನುಭಾವ. ತಿಪಟೂರಲ್ಲಿ ಎಂಜಿನಿಯರ್ ಅಂತ ಬೋರ್ಡು... ಬೋರ್ಡಿನಲ್ಲಿ ಮಾತ್ರ!

"ಕೀಬೋರ್ಡ್ ಮುಟ್ಟಿದ್ರೆ ಕೈ ಇರಾಕಿಲ್ಲ ಕಣ್ಲಾ ಇಜಾಜ್!"

"ಕೈ ಹೋದ್ರೆ ಮೂಗಲ್ಲಿ ಟೈಪ್ ಮಾಡ್ತೀನಿ ಬುಡು. ನಿನ್ನ ಕೆಲಸಕ್ಕಿಂತ ವಾಸಿ ಇರ್ತದೆ."

ಪರದೆಯ ಮೇಲೆ ಕೆಂಪು ಸಾಲು. ಯಾವ ಗೋಡೌನಿಗೆ ಬೆಂಕಿ ಅಂತ ಊರಿನ ಹೆಸರು ಬರಬೇಕಾದ ಜಾಗದಲ್ಲಿ ಬರೀ ಪ್ರಶ್ನೆಗುರುತು!

ನೊಣವಿನಕೆರೆಯೋ? ಅರಳಗುಪ್ಪೆಯೋ? ದಬ್ಬೇಘಟ್ಟವೋ?

ಮೂರೂ ಕಡೆ ಫೋನ್ ಮಾಡಿದ್ದೆವು. ಹೊಗೆ ಕಾಣುತ್ತಿಲ್ಲ ಎಂದರು. ರಾಶಿಯೊಳಗೆ ಕೆಂಡ ಕೂತರೆ, ಹೊಗೆ ಕಾಣುವಷ್ಟರಲ್ಲಿ ಎಲ್ಲಾ ಬೂದಿ! ಇರುವುದು ಒಂದೇ ನೀರಿನ ಟ್ಯಾಂಕರ್. ಅದರ ಕೀ ಹಿಡಿದು ಕೆಂಚಕ್ಕ ನಿಂತಿದ್ದಳು. ವರ್ಷವಿಡೀ ಅಟ್ಟದ ಮೇಲೆ ಒಣಗಿಸಿದ ಕಾಯಿ ಅವಳದು.

"ಇದ್ರಲ್ಲಿ ಕನ್ನಡ ಬರಾಕಿಲ್ಲ ಕಣಕ್ಕ. ಹೊಸ ಸಿಸ್ಟಮ್ ತಗೋ ಅಂತ ಹೇಳ್ಲಿಲ್ವಾ?" ರಂಗರಾಜು ಹಲ್ಲು ಕಿರಿದ.

ಅದಕ್ಕೇ ಮಚ್ಚು. ನಾನು ರಿಪೇರಿ ಮಾಡಿದರೆ ಅವನ ವ್ಯಾಪಾರ ಢಮಾರ್!

ಕಾಲ ಬಳಿ ಒಂದು ಕಾಯಿ ಬಿದ್ದಿತ್ತು. ಜಾಡಿಸಿ ಒದ್ದೆ. ಅವನ ಮೊಣಕಾಲಿಗೇ ಬಡಿಯಿತು! ಮಚ್ಚು ಠಣ್ಣೆಂದು ಬಿತ್ತು. ಅದರ ಮೇಲೆ ಕೆಂಚಕ್ಕನ ಕಾಲು!

ಪ್ರೋಗ್ರಾಂ ಕಟ್ಟುವ ಬಿಲ್ಡ್ ಫೋಲ್ಡರ್ ತೆರೆದೆ. ಪರದೆಗೆ ಅಕ್ಷರ ಬರೆಯುವುದೇ ಒಂದು ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು. ಇಂಗ್ಲಿಷಿಗೆ ಸಣ್ಣದು ಸಾಕು, ಕನ್ನಡಕ್ಕೆ ಅಗಲದ್ದು, ವೈಡ್ ಬೇಕು. ಕಾನ್ಫಿಗರ್ ಮಾಡುವಾಗ ವೈಡ್ ಆನ್ ಮಾಡಿದ್ದಾನೆ ಪುಣ್ಯಾತ್ಮ! ಆದರೆ... ಹಳೇ ಸಣ್ಣ ಲೈಬ್ರರಿ ಅಲ್ಲೇ ಬಿದ್ದಿದೆ. ಪ್ರೋಗ್ರಾಂ ಅದಕ್ಕೇ ಅಂಟಿಕೊಂಡಿದೆ!

"ಹಳೇದು ಇಳಿಸ್ದೆ ಹೊಸದು ತುಂಬವ್ನೆ ಕಣಕ್ಕ!"

"ಥೂ! ಅಟ್ಟ ಗುಡಿಸ್ದೆ ಹೊಸ ಕಾಯಿ ಹಾಕ್ದಂಗಾ? ನಮ್ಮ ಕುರಿನೂ ಆ ಕೆಲ್ಸ ಮಾಡಾಕಿಲ್ಲ!"

ಹಳೆಯದನ್ನು ಗುಡಿಸಿ ಎಸೆದೆ. ವೈಡ್ ಲೈಬ್ರರಿ ಜೋಡಿಸಿದೆ. ಮತ್ತೆ ಬಿಲ್ಡ್. ಸಾಲುಗಳು ಓಡಿದವು... ಓಡಿದವು... ನಿಂತವು.

ದಬ್ಬೇಘಟ್ಟ!

ರಂಗರಾಜು ಬಾಗಿಲಿಗೆ ಹಾರಿದ. ಕೆಂಚಕ್ಕ ಕಾಲರ್ ಹಿಡಿದು ಟ್ಯಾಂಕರಿನ ಕ್ಯಾಬಿನ್ನಿಗೆ ಎಸೆದಳು, ಮೂಟೆ ಎಸೆದ ಹಾಗೆ. ನಾನು ಸ್ಟೀರಿಂಗ್ ಹಿಡಿದೆ. ನನ್ನ ಸ್ಪೀಡು ನೋಡಿ ಎದುರಿನ ಬಸ್ಸು ತಾನೇ ಗದ್ದೆಗಿಳಿದು ಕೈಮುಗಿಯಿತು!

ಗೋಡೌನಿನ ಬಾಗಿಲು ಮುಟ್ಟಿದರೆ ಕಾದ ಹೆಂಚು. ಮೂಲೆಯ ರಾಶಿಯೊಳಗೆ ಕೆಂಡ. ನೀರು ಬಿಟ್ಟೆವು. ಚುಂಯ್... ಹಬೆ... ಮೌನ.

ಅಟ್ಟ ಉಳಿಯಿತು.

ಕೆಂಚಕ್ಕ ಒಂದು ಒಣಗಿದ ಕಾಯಿ ತಂದು ರಂಗರಾಜುವಿನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಗಡಗಡ!

"ಕೇಳ್ತಾ? ಒಳಗೆ ಕೊಬ್ಬರಿ ಆಗಿದ್ರೆ ಹಿಂಗೆ ಸದ್ದು ಬತ್ತದೆ."

ಆಮೇಲೆ ಅವನ ತಲೆಯನ್ನೇ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು.

ಸದ್ದಿಲ್ಲ.

"ಇದಿನ್ನೂ ಹಸಿ ಕಣ್ಲಾ ಇಜಾಜು. ಇನ್ನೊಂದು ವರ್ಷ ಅಟ್ಟದ ಮೇಲಿರ್ಲಿ."

ಅವನನ್ನು ಅಟ್ಟಕ್ಕೆ ಹತ್ತಿಸಿದೆವು. ನಾನು ಏಣಿ ತೆಗೆದೆ.