ಟಗರಿನ ಗೊರಸಿನಡಿ ಗಂಜಿ ತೊಳೆದ ಕಂಬಳಿ

ಬಹಳ ಹಿಂದೆ, ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ, ನಾದಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯ ಮಾಳಿಗೆಯಲ್ಲಿ ಡಮರೇಶನೆಂಬ ಮಾಂತ್ರಿಕ ಸೇರಿಕೊಂಡಿದ್ದ. "ನನ್ನ ಸದ್ದು ಕೆಳಗೆ ಕೇಳುತ್ತಿರುವ ತನಕ ಈ ಮಾಳಿಗೆ ನನ್ನದು" ಎಂದು ಮಂತ್ರ ಕಟ್ಟಿದ್ದ. ಕೆಳಗಿನ ಕೋಣೆಯಲ್ಲಿ ರಾಜನ ಕೂಸು ಆ ಸದ್ದಿಗೆ ಹುಟ್ಟಿದಾಗಿನಿಂದ ಕಣ್ಣು ಮುಚ್ಚದೆ ಬಾಡಿ ಬಾಡಿ ಹೂವಿನಷ್ಟು ಹಗುರಾಗಿತ್ತು. ಸದ್ದು ತಡೆಯಲು ಬಂದು ಸೋತವರೆಲ್ಲ ಅಂಗಳದಲ್ಲಿ ಕಲ್ಲಾಗಿ ನಿಂತಿದ್ದರು.

ಆಗ ಬಂದ ನೋಡಿ ಮಾಳಿಂಗ, ಕಂಬಳಿ ನೇಯುವ ಕೆಂಚವ್ವನ ಮಗ. ಎದೆ ಕದದಷ್ಟು ಅಗಲ, ಮಾತು ಅದಕ್ಕಿಂತ ಅಗಲ.

"ದೊರೆಗಳೇ, ನನ್ನಂಥವನು ಸುತ್ತೇಳು ಹಳ್ಳಿಯಲ್ಲಿಲ್ಲ. ಆ ಸದ್ದನ್ನು ಮೂಟೆ ಕಟ್ಟುತ್ತೇನೆ."

"ಸೋತರೆ ಕಲ್ಲಾಗುತ್ತೀ ತಮ್ಮಾ," ಎಂದ ರಾಜ.

"ಆದರೂ ಚೆಲುವಾದ ಕಲ್ಲೇ ಆಗುತ್ತೇನೆ ಬಿಡಿ."

ಡಮರೇಶ ನಕ್ಕ. "ಮೂರು ಸದ್ದು ಮಾಡುತ್ತೇನೆ. ನನ್ನ ಮಾಳಿಗೆಗೂ ಬಾ, ಎಲ್ಲಿ ಬೇಕಾದರೂ ಕೈಯಾಡಿಸು. ಹೊತ್ತು ಮುಳುಗುವುದರೊಳಗೆ ಮೂರನ್ನೂ ತಡೆ."

ಮೊದಲು ಕಂಚಿನ ಗೂಬೆ ಕಿರುಚಿತು. ಮಾಳಿಂಗ ಕೂಸಿನ ಕೋಣೆಯ ಬಾಗಿಲ ಸಂದಿಗೆ ಅಂಗೈ ಒಡ್ಡಿದ. ಗಾಳಿ ನುಸುಳುವಲ್ಲೇ ಸದ್ದೂ ನುಸುಳುತ್ತಿತ್ತು. ಜೇನುಮೇಣದಲ್ಲಿ ಅದ್ದಿದ ಉಣ್ಣೆಯಿಂದ ಸಂದಿಗೊಂದಿಯನ್ನೆಲ್ಲ ಮುಚ್ಚಿದ. ಕಿರುಚು ತಿರುಗಿ ಗೂಬೆಗೇ ಬಡಿದು ಅದು ಬೂದಿಯಾಯಿತು.

"ನಾನಲ್ಲದೆ ಇನ್ಯಾರು?" ಎಂದ ಮಾಳಿಂಗ.

ಆಮೇಲೆ ಬೆಂಕಿಕೇಸರದ ಸಿಂಹ ಗರ್ಜಿಸಿತು. ಗೋಡೆಯೇ ನಡುಗಿತು. ಮಾಳಿಂಗ ಕೋಣೆಯ ಒಳಗೆ, ಹಳೆಯ ಗೋಡೆಗೆ ತಾಗದಂತೆ, ಇನ್ನೊಂದು ಗೋಡೆ ಎಬ್ಬಿಸಿ ನಡುವೆ ನೂಲದ ಸಡಿಲ ಉಣ್ಣೆ ತುಂಬಿದ. ಗರ್ಜನೆ ಉಣ್ಣೆಯಲ್ಲಿ ದಾರಿ ತಪ್ಪಿತು. ಸಿಂಹ ಬೆಕ್ಕಾಗಿ ಓಡಿತು.

"ನಾನಲ್ಲದೆ ಇನ್ಯಾರು?"

ಕೊನೆಗೆ ಕಬ್ಬಿಣದ ಗೊರಸಿನ ಟಗರು ಮಾಳಿಗೆಯಲ್ಲಿ ಕುಣಿಯಿತು. ಧಡ್, ಧಡ್. ಮಾಳಿಂಗ ಮೇಲೆ ಹತ್ತಿ ತಾನು ನೇಯ್ದ ಎಲ್ಲಕ್ಕಿಂತ ಒಳ್ಳೆಯ ಕಂಬಳಿಗಳನ್ನೇ ನೆಲಕ್ಕೆ ಹಾಸಿ, ಅವುಗಳ ಮೇಲೆ ಹಲಗೆ ಹೊದಿಸಿದ. ಹುಣಸೆಬೀಜದ ಗಂಜಿಯನ್ನು ಎರಡು ಸಲ ಉಂಡ ಕಂಬಳಿಗಳವು, ನೆಟ್ಟರೆ ನೆಟ್ಟಗೆ ನಿಲ್ಲುವಂಥವು. ಟಗರು ಕುಣಿದರೆ ನೆಲ ನಗಾರಿಯಾಯಿತು. ಕೂಸಿಗೆ ಅಳಲೂ ಉಸಿರಿಲ್ಲ. ಮಾಳಿಂಗನ ಕಿರುಬೆರಳು ಕಲ್ಲಾಯಿತು.

ಕೆಂಚವ್ವ ಬಂದು ಕಂಬಳಿ ಮುಟ್ಟಿ ನೋಡಿದಳು. "ಮಗನ, ಗಂಜಿ ಕಂಬಳಿ ಮಳೀ ತಡೀತದ. ಹೆಜ್ಜಿ ತಡೀಬೇಕಂದ್ರ ಮೈ ಬಗ್ಗಬೇಕು. ನಿನ್ನಂಗ ಸೆಟದು ನಿಂತರ ಹೆಂಗ?"

ನೇಯ್ದವನೇ ಆ ಹೊಳಪಿನ ಗಂಜಿ ತೊಳೆಯುವುದೆಂದರೆ ಹುಡುಗಾಟವೇ? ಮಾಳಿಂಗ ಹಲ್ಲು ಕಚ್ಚಿ ಕೆರೆಗಿಳಿದ. ಗಂಜಿ ಬಿಡುವ ತನಕ ತುಳಿದ, ಹಿಂಡಿದ, ಬಿಸಿಲಿಗೆ ಹರವಿದ. ಬೆಣ್ಣೆಯಂತಾದ ಕಂಬಳಿಗಳನ್ನು ಮತ್ತೆ ಹಾಸಿದ. ಹಲಗೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ, ಗೋಡೆಗೆ ತಾಗಿಸಲಿಲ್ಲ.

ಟಗರು ನೆಗೆಯಿತು. ಕೆಳಗೆ ಏನೂ ಕೇಳಲಿಲ್ಲ. ಡಮರೇಶ ತಾನೇ ಕುಣಿದ, ಕೂಗಿದ. ಕೆಳಗೆ ಏನೂ ಕೇಳಲಿಲ್ಲ. ಕಟ್ಟಿದ ಮಂತ್ರ ಅವನನ್ನೇ ಕಟ್ಟಿತು. ಹೊಗೆಯಾಗಿ ಟಗರಿನೊಡನೆ ಕಿಟಕಿಯಿಂದ ಹೋದವನು ಮತ್ತೆ ಬರಲಿಲ್ಲ.

ಕೂಸು ಆಕಳಿಸಿ ಕಣ್ಣು ಮುಚ್ಚಿತು.

ಅಂಗಳದ ಕಲ್ಲುಗಳು ಮನುಷ್ಯರಾಗಿ ಜಯಕಾರಕ್ಕೆ ಬಾಯಿ ತೆರೆದವು. ಮಾಳಿಂಗ ಓಡಿಬಂದು, ಈಗಷ್ಟೇ ಮೆತ್ತಗಾದ ಬೆರಳನ್ನು ತುಟಿಯ ಮೇಲಿಟ್ಟ. ರಾಜ ಪಿಸುಮಾತಿನಲ್ಲೇ ಅವನಿಗೆ ಮಾಳಿಗೆಯನ್ನು ಕೊಟ್ಟ, ಜನ ಪಿಸುಮಾತಿನಲ್ಲೇ ಜೈ ಅಂದರು.

ಮಾಳಿಂಗ ಕೂಸು ಏಳುವ ತನಕ ಬಾಯಿ ಬಿಗಿಹಿಡಿದ. ಎದ್ದ ಮೇಲೆ ಸುತ್ತೇಳು ಹಳ್ಳಿಗೆ ಕೇಳುವಂತೆ "ನಾನಲ್ಲದೆ ಇನ್ಯಾರು?" ಎಂದ. ಕೂಸು ಕೇಕೆ ಹಾಕಿ ನಕ್ಕಿತು. ಅಂದಿನಿಂದ ನಾದಗಿರಿಯವರು ಹಗಲು ನಕ್ಕು, ಇರುಳು ಚೆನ್ನಾಗಿ ಮಲಗಿ, ನೂರು ವರ್ಷ ಸುಖವಾಗಿ ಬಾಳಿದರು.