ಬಾಯಿ ಬಿಡದ ಥರ್ಮೋಸ್ಟಾಟ್

ಕಾರು ರಸ್ತೆಯ ಪಕ್ಕಕ್ಕೆ ಅಚ್ಚುಕಟ್ಟಾಗಿ ನಿಂತಿತ್ತು. ಇಂಡಿಕೇಟರ್ ಇನ್ನೂ ಮಿನುಗುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಸ್ಟೀರಿಂಗಿನ ಮೇಲೆ ತಲೆಯಿಟ್ಟಿದ್ದ ಟ್ಯಾಕ್ಸಿ ಚಾಲಕನನ್ನು ಮೊದಲು ಕಂಡವನು ಒಬ್ಬ ಲಾರಿಯವನು. ನಿದ್ದೆ ಹೋಗಿದ್ದಾನೆ ಅಂದುಕೊಂಡು ಭುಜ ತಟ್ಟಿದ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದ.

ಇನ್ಸ್‌ಪೆಕ್ಟರ್ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬಾಗಿಲು ತೆಗೆದರೆ ಮುಖಕ್ಕೆ ಒಲೆಯ ಝಳ ಬಡಿದಂತಾಯಿತು. ಹೀಟರಿನ ಗುಂಡಿ ಕೊನೆಯವರೆಗೂ ತಿರುಗಿತ್ತು.

“ಈ ಬಿಸಿಲಲ್ಲಿ ಹೀಟರಾ? ತಲೆಗಿಲೆ ಕೆಟ್ಟಿತ್ತಾ ಸಾರ್ ಇವನಿಗೆ?” ಎಂದ ಕಾನ್‌ಸ್ಟೇಬಲ್ ಮೀಸೆ. ಮೀಸೆ ಬೋಳಿಸಿ ವರ್ಷಗಳೇ ಆಗಿದ್ದವು, ಅಡ್ಡಹೆಸರು ಮಾತ್ರ ಬಿಟ್ಟಿರಲಿಲ್ಲ.

“ತಲೆ ಚೆನ್ನಾಗೇ ಇತ್ತು. ಕೆಟ್ಟಿದ್ದು ಎಂಜಿನ್.”

ಇನ್ಸ್‌ಪೆಕ್ಟರ್ ಡ್ರೈವರನ ಮಗ. ಎಂಜಿನ್ ಕಾದಾಗ ಹೀಟರ್ ಹಾಕಿದರೆ ಬಿಸಿ ಒಂದಿಷ್ಟು ಕಾರಿನೊಳಕ್ಕೆ ಬರುತ್ತದೆ, ಎಂಜಿನ್ ಇನ್ನೊಂದಿಷ್ಟು ದೂರ ಬಾಳುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಈ ಪುಣ್ಯಾತ್ಮ ಆ ಬಿಸಿಯನ್ನೆಲ್ಲ ತನ್ನ ಮೈಮೇಲೆ ಎಳೆದುಕೊಂಡಿದ್ದ. ಮೊದಲೇ ಹೃದಯ ದುರ್ಬಲ, ಸೆಕೆ ತಡೆಯದೆ ನಿಂತುಹೋಗಿದೆ ಎಂದರು ವೈದ್ಯರು.

*

ಠಾಣೆಯ ಹಿಂದೆ ಎಂಜಿನ್ ಬಿಚ್ಚಿಸಿದರು. ಥರ್ಮೋಸ್ಟಾಟ್ ಹೊರಬಂತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಿಲ್ಲೆ. ಎಂಜಿನ್ ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು, ಕಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವುದು ಅದರ ಕೆಲಸ.

ಇನ್ಸ್‌ಪೆಕ್ಟರ್ ಅದನ್ನು ಚಹಾ ಪಾತ್ರೆಗೆ ಹಾಕಿ ನೀರು ಕಾಯಿಸಿದ. ನೀರು ಕೊತಕೊತ ಕುದಿಯಿತು. ಬಿಲ್ಲೆ ಬಾಯಿ ಬಿಡಲಿಲ್ಲ. ತುಕ್ಕು ಹಿಡಿದ ಹಳೆಯ ಮಾಲು. ಸುತ್ತಲಿನ ರಬ್ಬರ್ ಉಂಗುರ ಮಾತ್ರ ಹೊಚ್ಚಹೊಸದು.

“ಮೊನ್ನೆ ತಾನೆ ಹೊಸ ಥರ್ಮೋಸ್ಟಾಟ್ ಹಾಕಿಸಿದ್ದನಂತೆ ಸಾರ್,” ಎಂದ ಮೀಸೆ. “ಹಾಕಿದ್ದು ಸ್ವಂತ ತಮ್ಮ, ಮೆಕ್ಯಾನಿಕ್ಕು. ಅಣ್ಣತಮ್ಮ ಮಾತು ಬಿಟ್ಟು ಎಷ್ಟೋ ಕಾಲ ಆಗಿತ್ತಂತೆ, ಈಗೀಗ ಸರಿಹೋಗಿದ್ರು. ಎಲ್ಲಿ ಸರಿಹೋಗಿದ್ರು? ಹೊಸದು ಅಂತ ಹೇಳಿ ಹಳೇದನ್ನೇ ಬಿಟ್ಟು ಸೇಡು ತೀರಿಸ್ಕೊಂಡಿದಾನೆ.”

“ಸಿಕ್ಕಿದ್ದು ಹಳೇದು ಅನ್ನೋದು ನಮ್ಮಿಬ್ಬರಲ್ಲೇ ಇರ್ಲಿ. ನಿನ್ನ ಬಾಯಿ ಭದ್ರ.”

*

ಬಿಡಿಭಾಗದ ಅಂಗಡಿಯವನು ಇನ್ಸ್‌ಪೆಕ್ಟರನನ್ನು ಕಂಡದ್ದೇ ಬೆವತ. ನಕಲಿ ಮಾಲು ಮಾರಿದ್ದೀಯಾ ಎಂದು ಕೇಳುವ ಮೊದಲೇ ಇಲ್ಲ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಆದರೆ ಅವನ ಭಯ ಬೇರೆ ಯಾವುದೋ ಮಾಲಿನದು.

“ಆ ಮೆಕ್ಯಾನಿಕ್ ನನ್ನ ಪ್ರಾಣ ತಿಂದ ಸಾರ್. ಮೊದಲು ಕೊಟ್ಟಿದ್ದು ಪೆಟ್ರೋಲ್ ಎಂಜಿನ್ದು. ಅದೇ ಕಾರು, ಅದೇ ಅಳತೆ. ಅಂಚಿನ ಮೇಲೆ ಕೆತ್ತಿರೋ ಡಿಗ್ರಿ ನೋಡಿ, ಇದು ಡೀಸೆಲ್‌ಗೆ ಆಗಲ್ಲ ಅಂತ ಎಸೆದ. ಎರಡನೇದು ಡೀಸೆಲ್ದೇ. ಗಾಳಿ ಹೋಗೋ ಪಿನ್ ಇಲ್ಲ ಅಂತ ಅದೂ ಬೇಡ ಅಂದ. ಕೊನೆಗೆ ಎಂಜಿನ್ ನಂಬರ್ ಹೇಳಿ ಬೇರೆ ಊರಿಂದ ತರಿಸ್ಕೊಂಡ. ಇಲ್ಲೇ ಬಿಸಿನೀರಲ್ಲಿ ಹಾಕಿ, ತೆರೆದು ಮುಚ್ಚೋದನ್ನ ನೋಡಿ ತಗೊಂಡ್ಹೋದ. ಯಾಕಯ್ಯಾ ಇಷ್ಟು ಗೋಳು ಅಂದ್ರೆ, ‘ಅಣ್ಣನ ಗಾಡಿ’ ಅಂದ.”

ಕೊಲ್ಲಬೇಕೆಂದಿದ್ದವನು ಇಷ್ಟು ಒದ್ದಾಡುತ್ತಾನೆಯೇ?

*

ಚಾಲಕನ ಮನೆ ಚಿಕ್ಕದು. ಹೆಂಡತಿ ಅತ್ತು ಅತ್ತು ಕಣ್ಣೀರು ಬತ್ತಿಸಿಕೊಂಡು ಕೂತಿದ್ದಳು.

“ಎದೆನೋವಿತ್ತು. ಗಾಡಿ ಓಡಿಸ್ಬೇಡಿ ಅಂತ ಡಾಕ್ಟ್ರು ಹೇಳಿದ್ರು. ಕೇಳಿದ್ರೆ ತಾನೆ? ವಾರವಾರ ಒಬ್ಬ ರೋಗಿನ ಆಸ್ಪತ್ರೆಗೆ ಕರ್ಕೊಂಡು ಹೋಗೋರು. ಆ ಮುದುಕರು ಕಾಯ್ತಾ ಇರ್ತಾರೆ ಅಂತ ಹೊರಟ್ರು.”

“ದಾರೀಲಿ ಫೋನ್ ಮಾಡಿದ್ರಾ?”

“ಇಲ್ಲ.”

ಸತ್ತವನ ಫೋನು ಇನ್ಸ್‌ಪೆಕ್ಟರನ ಜೇಬಿನಲ್ಲೇ ಇತ್ತು. ಕೊನೆಯ ಕರೆ ಹೋಗಿದ್ದು ಈ ಮನೆಗೇ. ಅವನು ಆ ಸುಳ್ಳನ್ನು ಅಲ್ಲಿಗೇ ಬಿಟ್ಟು ಎದ್ದ.

ಹೊರಗೆ, ಕಾರು ನಿಲ್ಲುತ್ತಿದ್ದ ಕಲ್ಲುಹಾಸನ್ನು ಯಾರೋ ಸೋಪು ಹಾಕಿ ತಿಕ್ಕಿದ್ದರು. ಕಲ್ಲಿನ ಸಂದಿಗಳಲ್ಲಿ ಹಸಿರು ಬಣ್ಣ ಉಳಿದಿತ್ತು. ಎಂಜಿನ್ನಿಗೆ ಹಾಕುವ ಕೂಲೆಂಟ್. ಥರ್ಮೋಸ್ಟಾಟ್ ಬಿಚ್ಚಿದರೆ ಅದು ಚೆಲ್ಲದೆ ಇರದು. ರಿಪೇರಿಯಾದದ್ದು ಗ್ಯಾರೇಜಿನಲ್ಲಿ. ಹಾಗಾದರೆ ಇಲ್ಲಿ ಬಿಚ್ಚಿದವರು ಯಾರು?

*

ಠಾಣೆಗೆ ಬಂದರೆ ಮೆಕ್ಯಾನಿಕ್ ಬೆಂಚಿನ ಮೇಲೆ ಕೂತಿದ್ದ. ಕರೆಸುವ ಮೊದಲೇ ಬಂದಿದ್ದ.

“ನಾನೇ ಸಾರ್. ತಪ್ಪು ಥರ್ಮೋಸ್ಟಾಟ್ ಹಾಕ್ಬಿಟ್ಟೆ. ಪೆಟ್ರೋಲ್ ಎಂಜಿನ್ದು. ನೋಡೋಕೆ ಒಂದೇ ಥರ ಇರುತ್ತೆ, ಕಣ್ತಪ್ಪಿ ಹೋಯ್ತು. ಜೈಲಿಗೆ ಹಾಕಿ.”

“ಹೊಸದೇ ತಾನೆ?”

“ಹೊಸದೇ. ಡಬ್ಬಿ ಒಡೆದಿದ್ದೇ ನಾನು.”

ಮೀಸೆ ಬಾಯಿ ತೆರೆದ. ಇನ್ಸ್‌ಪೆಕ್ಟರ್ ಅವನ ಕಾಲು ತುಳಿದ.

“ಹಳೇದು ಏನಾಯ್ತು?”

“ಅಣ್ಣನ ಕೈಗೇ ಕೊಟ್ಟೆ, ಹೊಸದರ ಡಬ್ಬಿಗೆ ಹಾಕಿ. ನಮ್ಮ ಗ್ಯಾರೇಜಿನ ಪದ್ಧತಿ ಸಾರ್. ಬದಲಾಯಿಸಿದ್ದು ನಿಜ ಅಂತ ಗಿರಾಕಿಗೆ ಗೊತ್ತಾಗ್ಲಿ ಅಂತ...”

ಮಾತು ಅಲ್ಲಿಗೇ ನಿಂತಿತು. ಆಡಿದ ಮೇಲೆ ಅದರ ಅರ್ಥ ಅವನಿಗೆ ಹೊಳೆದಿತ್ತು. ಇನ್ಸ್‌ಪೆಕ್ಟರನಿಗೆ ಗೆದ್ದ ಖುಷಿಯೇನೂ ಆಗಲಿಲ್ಲ.

“ಬಾ, ನಿಮ್ಮ ಅತ್ತಿಗೆ ಮನೆಗೆ ಹೋಗೋಣ,” ಎಂದ.

*

“ನಿಮ್ಮ ಮೈದುನ ತಪ್ಪೊಪ್ಪಿಕೊಂಡಿದ್ದಾನಮ್ಮ,” ಎಂದ ಇನ್ಸ್‌ಪೆಕ್ಟರ್. “ಪೆಟ್ರೋಲ್ ಎಂಜಿನ್ನಿನ ಥರ್ಮೋಸ್ಟಾಟ್ ಹಾಕಿದೆ ಅಂತಾನೆ. ನನಗೆ ಸಿಕ್ಕಿದ್ದು ಡೀಸೆಲ್ದು, ತುಕ್ಕು ಹಿಡಿದ ಹಳೇದು. ಏನು ಸಿಕ್ತು ಅಂತಲೇ ಗೊತ್ತಿಲ್ಲದೋನು ಹಾಕಿರೋಕೆ ಸಾಧ್ಯ ಇಲ್ಲ. ಹಳೇದು ಡಬ್ಬೀಲಿ ಈ ಮನೆಗೆ ಬಂದಿತ್ತು. ಕೂಲೆಂಟ್ ಚೆಲ್ಲಿದ್ದು ನಿಮ್ಮ ಅಂಗಳದಲ್ಲಿ. ಹಾಕಿದವರು ಪಿನ್ನು ಮೇಲಕ್ಕೆ ಬರೋ ಹಾಗೆ ಸರಿಯಾಗಿ ಕೂರಿಸಿದ್ದಾರೆ. ಕೆಲಸ ನೋಡಿ ಕಲಿತವರು. ನಿಮ್ಮ ಗಂಡ ಸಣ್ಣಪುಟ್ಟ ರಿಪೇರಿ ಮನೇಲೇ ಮಾಡ್ಕೋತಿದ್ರು ಅಂತ ಅಕ್ಕಪಕ್ಕದವರು ಹೇಳಿದ್ರು. ಆಗೆಲ್ಲ ಪಕ್ಕದಲ್ಲಿ ಟಾರ್ಚ್ ಹಿಡೀತಿದ್ದವರು ಯಾರಮ್ಮ?”

“ಅತ್ತಿಗೇ, ಏನೂ ಹೇಳ್ಬೇಡಿ!” ಮೆಕ್ಯಾನಿಕ್ ಕೂಗಿದ.

ಸಾವಿನ ಸುದ್ದಿ ಕೇಳಿ ಬಂದಾಗಲೇ ಅವನಿಗೂ ಆ ಹಸಿರು ಕಲೆ ಕಂಡಿತ್ತು, ಅದಕ್ಕೇ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದ. ತಾಯಿ ಸತ್ತಾಗ ಅವನಿನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ತುತ್ತು ಕೊಟ್ಟು ಸಾಕಿದವಳು ಈ ಅತ್ತಿಗೆ.

ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಿಂದ ಬಟ್ಟೆಯಲ್ಲಿ ಸುತ್ತಿದ್ದ ಹೊಸ ಥರ್ಮೋಸ್ಟಾಟನ್ನು ತಂದು ಮೈದುನನ ಕೈಗಿಟ್ಟಳು.

“ಸಾಯ್ಲಿ ಅಂತ ಮಾಡ್ಲಿಲ್ಲ ಸಾರ್. ಹೋದ ಸಲ ಆ ಹಳೇದು ಕೆಟ್ಟು, ಗಾಡಿ ಮಾರ್ಕೆಟ್ ಹತ್ರಾನೇ ನಿಂತಿತ್ತು. ಈ ಸಲಾನೂ ನಿಲ್ಲುತ್ತೆ, ಬೈಕೊಂಡು ಮನೆಗೆ ಬರ್ತಾರೆ ಅಂದ್ಕೊಂಡೆ. ಒಂದೆರಡು ದಿನ ಮಲಗ್ಲಿ ಅಂತ. ಅಷ್ಟೇ. ಆಮೇಲೆ ಹೇಳೋಕೆ ಭಯ ಆಯ್ತು. ಇವನ ಮೇಲೆ ಬರುತ್ತೆ ಅಂತ ಗೊತ್ತಿದ್ರೂ ಸುಮ್ಮನಿದ್ದೆ. ಪಾಪಿ ನಾನು.”

“ಫೋನಲ್ಲಿ ಏನು ಹೇಳಿದ್ರು?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಎಂಜಿನ್ ಕಾಯ್ತಿದೆ, ಹೀಟರ್ ಹಾಕಿದೀನಿ ಅಂದ್ರು. ವಾಪಸ್ ಬನ್ನಿ, ಅವನು ನೆಟ್ಟಗೆ ಕೆಲಸ ಮಾಡಿಲ್ಲ ಅಂದೆ. ನಾನೇ ಮಾಡಿದ್ದು ಅನ್ನೋಕೆ ನಾಲಿಗೆ ಏಳ್ಲಿಲ್ಲ. ಬೈದುಬಿಟ್ರು ನನಗೆ. ‘ನನ್ನ ತಮ್ಮ ಕೈಯಾರೆ ಹಾಕಿದ್ದು ಕಣೇ, ಅದು ಕೆಡೋ ಮಾತೇ ಇಲ್ಲ. ಒಳಗೆ ಗಾಳಿ ಸಿಕ್ಕೊಂಡಿರುತ್ತೆ, ಓಡ್ತಾ ಓಡ್ತಾ ಸರಿಹೋಗುತ್ತೆ’ ಅಂದ್ರು.”

ಮೆಕ್ಯಾನಿಕ್ ಹೊಸ ಬಿಲ್ಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಲ್ಲೇ ಕೂತ. ಅಣ್ಣ ಅವನ ಕೆಲಸವನ್ನು ಎಂದೂ ಎದುರಿಗೆ ಹೊಗಳಿದವನಲ್ಲ.

“ಹಾಗಂದ್ನಾ ಅಣ್ಣ?”

“ಅಂದ್ರು ಪುಟ್ಟಾ.”

“ಇನ್ನೊಂದ್ಸಲ ಹೇಳಿ ಅತ್ತಿಗೆ.”

ಅವಳನ್ನು ಠಾಣೆಗೆ ಕರೆದೊಯ್ಯಲು ಮೀಸೆ ಜೀಪಿನತ್ತ ಹೊರಳಿದ. ಇನ್ಸ್‌ಪೆಕ್ಟರ್ ಕೈಯೆತ್ತಿ ಅವನನ್ನು ತಡೆದ. ಅವಳು ಮೈದುನನ ಪಕ್ಕ ನೆಲದ ಮೇಲೆ ಕೂತು, ಗಂಡ ಅಂದದ್ದನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದಳು.